ಸಪಿಂಡವೆಂಬ ಮಾತು: ಅದರ ಹುಟ್ಟು ಮತ್ತು ಅರ್ಥ

ನಮ್ಮ ಮನೆಗಳಲ್ಲಿ ಹೆಣ್ಣುಗಂಡುಗಳ ಸಂಬಂಧದ ಪ್ರಸ್ತಾಪ ಬಂದಾಗ, ಜಾತಕಗಳನ್ನು ಹೋಲಿಸುವುದಕ್ಕೂ ಕೊಡುಬಿಡುವ ಮಾತನ್ನು ಎತ್ತುವುದಕ್ಕೂ ಮುಂಚೆ, ಮೂಲೆಯಲ್ಲಿ ಕುಳಿತ ಹಿರಿಯರೊಬ್ಬರು ಬೆರಳು ಮಡಿಸಿ ಎಣಿಸಲು ತೊಡಗುವುದುಂಟು. ಹುಡುಗಿಯ ಅಜ್ಜಿ ಯಾರ ಮಗಳು, ಹುಡುಗನ ಮುತ್ತಜ್ಜ ಯಾರ ತಮ್ಮ, ಇವರಿಬ್ಬರ ವಂಶಗಳು ಹಿಂದೆ ಎಲ್ಲಿಯಾದರೂ ಸೇರುವುವೆ, ಸೇರಿದರೆ ಎಷ್ಟನೆಯ ತಲೆಯಲ್ಲಿ ಸೇರುವುವು ಎಂಬುದು ಆ ಎಣಿಕೆಯ ವಿಷಯ. ಎಣಿಕೆ ಸರಿಹೋದರೆ ಮುಂದಿನ ಮಾತು. ಹೋಗದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹೀಗೆ ಎಣಿಸುವುದಕ್ಕೆ ಧರ್ಮಶಾಸ್ತ್ರದಲ್ಲಿ ಸಾಪಿಂಡ್ಯವಿಚಾರವೆಂದು ಹೆಸರು. ಆದರೆ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೆ ಹಿರಿಯರಿಗೂ ಸಂಕೋಚ. ಶುಭಕಾರ್ಯದ ಮಾತಿನ ನಡುವೆ ಪಿಂಡವೆಂಬ ಶಬ್ದ ಬರಬಾರದೆಂಬುದು ಗೃಹಸ್ಥರ ಭಾವನೆ. ನಿಷೇಧವನ್ನು ಹೇಳುವ ಮಾತೇ ನಿಷಿದ್ಧವಾಗಿ ಕುಳಿತಿದೆ.

ಈ ಮಾತು ಎಲ್ಲಿಂದ ಬಂದಿತು, ಅದಕ್ಕೆ ಮೊದಲಿದ್ದ ಅರ್ಥವೇನು, ಅದು ಬದಲಾದುದು ಯಾರಿಂದ, ಬದಲಾದುದರಿಂದ ಯಾರಿಗೆ ಏನು ದೊರೆಯಿತು ಎಂಬುದನ್ನು ಶ್ರೋತೃಗಳ ಮುಂದಿಡುವುದು ನಮ್ಮ ಈ ಭಾಷಣದ ಉದ್ದೇಶ. ಇದು ಬರಿಯ ಪದವಿಚಾರವಲ್ಲ. ಸಾವಿರಾರು ವರ್ಷಗಳಿಂದ ಈ ಒಂದು ಮಾತು ನಮ್ಮ ಸಂಸಾರಗಳಲ್ಲಿ ಮೂರು ದೊಡ್ಡ ಕೆಲಸಗಳನ್ನು ಮಾಡುತ್ತ ಬಂದಿದೆ. ಒಬ್ಬನು ಸತ್ತರೆ ಹತ್ತು ದಿನದ ಸೂತಕವನ್ನು ಆಚರಿಸಬೇಕಾದವರು ಯಾರು ಎಂದರೆ ಸಪಿಂಡರು. ಮಕ್ಕಳಿಲ್ಲದವನ ಸ್ವತ್ತು ಯಾರಿಗೆ ಸೇರಬೇಕು ಎಂದರೆ ಸಮೀಪದ ಸಪಿಂಡನಿಗೆ. ಯಾರನ್ನು ಮದುವೆಯಾಗಕೂಡದು ಎಂದರೆ ಸಪಿಂಡೆಯನ್ನು. ಅಳುವುದು, ಪಡೆಯುವುದು, ವರಿಸದಿರುವುದು ಈ ಮೂರನ್ನೂ ಒಂದೇ ಮಾತು ಗೊತ್ತುಮಾಡುವುದಾದರೆ, ಆ ಮಾತಿನ ಅರ್ಥದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮನೆಗಳು ಅಲುಗುವುದರಲ್ಲಿ ಆಶ್ಚರ್ಯವೇನು?

ಮೊದಲು ಪದವನ್ನು ಬಿಡಿಸಿ ನೋಡೋಣ. ‘ಸ’ ಎಂದರೆ ಇಲ್ಲಿ ಸಮಾನವಾದ, ಒಂದೇ ಆದ ಎಂದರ್ಥ. ‘ಪಿಂಡ’ ಎಂದರೆ ಉಂಡೆ, ಮುದ್ದೆ. ಒಂದೇ ಪಿಂಡವುಳ್ಳವರು ಸಪಿಂಡರು. ವ್ಯಾಕರಣ ಇಷ್ಟಕ್ಕೇ ನಿಲ್ಲುತ್ತದೆ. ಯಾವ ಉಂಡೆ ಎಂಬ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ.

ಹಳೆಯ ಉತ್ತರ ಶ್ರಾದ್ಧದ ಅನ್ನದ ಉಂಡೆ ಎಂಬುದು. ಶ್ರಾದ್ಧ ಮಾಡುವವನು ತನ್ನ ತಂದೆ, ತಾತ, ಮುತ್ತಾತ ಈ ಮೂವರಿಗೆ ಮೂರು ಪಿಂಡಗಳನ್ನು ಇಡುತ್ತಾನೆ. ಅವರಿಗೂ ಮೇಲಿನ ಮೂವರಿಗೆ ಪೂರ್ಣ ಪಿಂಡವಿಲ್ಲ. ಕೈಗೆ ಅಂಟಿದ ಅನ್ನದ ಲೇಪವನ್ನು ದರ್ಭೆಗೆ ಒರಸಿದಾಗ ಅದು ಅವರಿಗೆ ಸಲ್ಲುತ್ತದೆ. ಆದುದರಿಂದ ಅವರಿಗೆ ಲೇಪಭಾಗಿಗಳೆಂದು ಹೆಸರು. ಪಿಂಡಭಾಗಿಗಳು ಮೂವರು, ಲೇಪಭಾಗಿಗಳು ಮೂವರು, ಕೊಡುವವನು ಏಳನೆಯವನು. ಸಾಪಿಂಡ್ಯವು ಏಳು ಪುರುಷರವರೆಗೆ ಎಂಬ ಮಾತಿನ ಮೂಲವನ್ನು ಈ ಎಣಿಕೆಯಲ್ಲಿ ಕಾಣಬಹುದು. ಸತ್ತವನನ್ನು ಪಿತೃಗಳೊಡನೆ ಸೇರಿಸುವ ಕರ್ಮಕ್ಕೆ ಸಪಿಂಡೀಕರಣವೆಂದೇ ಹೆಸರು. ಆ ದಿನ ಪ್ರೇತದ ಪಿಂಡವನ್ನು ಮೂರು ಭಾಗಮಾಡಿ ಹಿಂದಿನ ಮೂವರ ಪಿಂಡಗಳಲ್ಲಿ ಬೆರಸುತ್ತಾರೆ. ಅಲ್ಲಿಂದ ಮುಂದೆ ಮುತ್ತಾತನ ತಂದೆಗೆ ಪಿಂಡವಿಲ್ಲ. ಅವನು ಲೇಪಭಾಗಿಗಳ ಪಂಕ್ತಿಗೆ ಸರಿದು ಹೊಸಬನಿಗೆ ಸ್ಥಳ ಬಿಡುತ್ತಾನೆ. ಈ ಕರ್ಮವನ್ನು ಒಮ್ಮೆಯಾದರೂ ನೋಡಿದವರಿಗೆ ಮಾತಿನ ಮೂಲಾರ್ಥವನ್ನು ವಿವರಿಸಬೇಕಾದ ಅವಶ್ಯಕತೆಯಿಲ್ಲ. ಬದುಕಿದ್ದಾಗ ಒಂದು ಒಲೆಯ ಅನ್ನವನ್ನು ಉಂಡವರು ಸತ್ತಮೇಲೂ ಒಂದೇ ಎಡೆಯ ಅನ್ನವನ್ನು ಹಂಚಿಕೊಳ್ಳುತ್ತಾರೆ. ಹಾಗೆ ಹಂಚಿಕೊಳ್ಳುವವರು ಒಂದು ಕುಟುಂಬ.

ಈ ಅರ್ಥದಲ್ಲಿ ಒಂದು ಗಾಂಭೀರ್ಯವಿದೆ. ಆದರೆ ಒಂದು ತೊಡಕೂ ಇದೆ. ಅನ್ನದ ಉಂಡೆ ಗಂಡುಸಂತಾನದ ಹಾದಿಯನ್ನು ಹಿಡಿದು ಹೋಗುತ್ತದೆ. ತಾಯಿಯ ಅಕ್ಕತಂಗಿಯರು, ಅವರ ಮಕ್ಕಳು ಇವರೊಡನೆ ನಮಗೆ ಪಿಂಡದ ಸಂಬಂಧವೆಲ್ಲಿಯದು? ಚಿಕ್ಕಮ್ಮನ ಮಗಳು ತಂಗಿಯೆಂದು ನಮ್ಮ ಮನಸ್ಸು ಹೇಳುತ್ತದೆ. ಅನ್ನದ ಉಂಡೆ ಹಾಗೆ ಹೇಳುವುದಿಲ್ಲ.

ಈ ತೊಡಕನ್ನು ಕಂಡು ಅದನ್ನು ಬಿಡಿಸಿದವರು ನಮ್ಮ ನಾಡಿನಲ್ಲಿಯೇ ಕುಳಿತು ಬರೆದ ಒಬ್ಬ ಸಂನ್ಯಾಸಿಗಳು. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಆಳಿದನು. ಕಾಶ್ಮೀರದಿಂದ ಬಂದ ಬಿಲ್ಹಣನು ಆ ದೊರೆಯ ಚರಿತ್ರೆಯನ್ನು ಕಾವ್ಯವಾಗಿ ಬರೆದ ಆಸ್ಥಾನವೇ ಅದು. ಈಗ ಬೀದರ ಜಿಲ್ಲೆಗೆ ಸೇರಿದ ಬಸವಕಲ್ಯಾಣವು ಅಂದಿನ ರಾಜಧಾನಿ. ಅಲ್ಲಿ ಭಾರದ್ವಾಜಗೋತ್ರದ ಪದ್ಮನಾಭಭಟ್ಟರ ಮಗನಾದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವನ್ನು ರಚಿಸಿದನು. ಅದಕ್ಕೆ ಮಿತಾಕ್ಷರಾ, ಅಂದರೆ ಅಳೆದ ಅಕ್ಷರಗಳುಳ್ಳದ್ದು, ಎಂದು ಹೆಸರು. ಗ್ರಂಥದ ಸಮಾಪ್ತಿವಾಕ್ಯಗಳು ಅವನನ್ನು ಪರಮಹಂಸ ಪರಿವ್ರಾಜಕನೆಂದು ಕರೆಯುತ್ತವೆ. ಮನೆಮಠಗಳನ್ನು ತೊರೆದವನು ಇಡೀ ದೇಶದ ಗೃಹಸ್ಥರಿಗೆ ನಿಮ್ಮ ನೆಂಟರು ಇವರು, ಇವರು ಅಲ್ಲ ಎಂದು ಗೆರೆ ಹಾಕಿಕೊಟ್ಟನು. ದೂರ ನಿಂತು ನೋಡಿದವನಿಗೆ ಒಳಗಿರುವವರಿಗಿಂತ ಸ್ಪಷ್ಟವಾಗಿ ಕಂಡಿತೋ ಏನೋ!

ಕನ್ಯೆಯು ಅಸಪಿಂಡೆಯಾಗಿರಬೇಕೆಂದು ಯಾಜ್ಞವಲ್ಕ್ಯರು ಆಚಾರಾಧ್ಯಾಯದ ವಿವಾಹಪ್ರಕರಣದಲ್ಲಿ ಹೇಳಿರುವರು. ಅಲ್ಲಿ ವಿಜ್ಞಾನೇಶ್ವರನು ಪಿಂಡವೆಂದರೆ ದೇಹ ಎಂದು ಅರ್ಥ ಮಾಡುತ್ತಾನೆ. ಒಂದೇ ಶರೀರದ ಅವಯವಗಳು ಯಾರಲ್ಲಿ ಹರಿದು ಬಂದಿವೆಯೋ ಅವರು ಸಪಿಂಡರು. ಮಗನಲ್ಲಿ ತಂದೆಯ ಶರೀರದ ಅಂಶಗಳಿವೆ. ತಂದೆಯ ಮೂಲಕ ತಾತನವೂ ಇವೆ. ತಾಯಿಯ ಶರೀರದ ಅಂಶಗಳಿವೆ. ತಾಯಿಯ ಮೂಲಕ ಮಾತಾಮಹನವೂ, ಆ ದಾರಿಯಿಂದಲೇ ಸೋದರಮಾವನೊಡನೆಯೂ ಚಿಕ್ಕಮ್ಮನೊಡನೆಯೂ ಸಂಬಂಧ ಉಂಟು. ಗರ್ಭೋಪನಿಷತ್ತಿನ ಮಾತನ್ನು ಅವನು ಆಧಾರವಾಗಿ ತರುತ್ತಾನೆ: ಎಲುಬು, ನರ, ಮಜ್ಜೆ ತಂದೆಯಿಂದ, ಚರ್ಮ, ಮಾಂಸ, ರಕ್ತ ತಾಯಿಯಿಂದ. ಪಿಂಡವೆಂದರೆ ಶ್ರಾದ್ಧದ ಉಂಡೆಯೆಂದು ಹಿಡಿದರೆ ತಾಯಿಯ ವಂಶದಲ್ಲಿ ಸಾಪಿಂಡ್ಯವೇ ಇಲ್ಲದಂತಾಗುವುದೆಂದು ಹಳೆಯ ಅರ್ಥದ ದೋಷವನ್ನೂ ಎತ್ತಿ ತೋರಿಸುತ್ತಾನೆ. ಗಂಡಹೆಂಡಿರು ಬೇರೆಬೇರೆ ದೇಹಗಳಿಂದ ಬಂದವರಲ್ಲವೆ ಎಂದರೆ, ಅವರಿಬ್ಬರೂ ಸೇರಿ ಮಗುವೆಂಬ ಒಂದು ಶರೀರವನ್ನು ಆರಂಭಿಸುವುದರಿಂದ ಅವರೂ ಪರಸ್ಪರ ಸಪಿಂಡರು ಎಂಬುದು ಅವನ ಸಮಾಧಾನ.

ಇಲ್ಲಿ ಒಂದು ಆಕ್ಷೇಪವನ್ನು ಅವನೇ ಊಹಿಸಿಕೊಂಡಿದ್ದಾನೆ. ಸಂಸಾರವು ಅನಾದಿ. ಹಿಂದೆ ಹಿಂದೆ ಹೋಗುತ್ತಿದ್ದರೆ ಎಲ್ಲರ ದೇಹವೂ ಎಲ್ಲರ ದೇಹದೊಡನೆ ಎಲ್ಲಿಯೋ ಒಂದು ಕಡೆ ಸೇರಿಯೇ ಸೇರುತ್ತದೆ. ಹಾಗಾದರೆ ಯಾರನ್ನು ಯಾರು ಮದುವೆಯಾಗುವುದು? ಅವನ ಉತ್ತರ ಹೀಗಿದೆ: ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು, ಕೆಸರಿನಲ್ಲಿ ಹುಟ್ಟುವುವು ಎಷ್ಟೋ ಇದ್ದರೂ ಲೋಕವು ಆ ಮಾತನ್ನು ತಾವರೆಗೇ ಮೀಸಲು ಮಾಡಿದೆ. ಹಾಗೆಯೇ ಸಪಿಂಡವೆಂಬ ಮಾತೂ ಒಂದು ಗೊತ್ತಾದ ವಲಯದಲ್ಲಿ ಮಾತ್ರ ಸಲ್ಲುತ್ತದೆ. ತಾಯಿಯ ಕಡೆ ಐದನೆಯವರಿಂದ, ತಂದೆಯ ಕಡೆ ಏಳನೆಯವರಿಂದ ಆಚೆಗೆ ಸಾಪಿಂಡ್ಯ ನಿಂತುಹೋಗುತ್ತದೆ.

ಈ ಉತ್ತರವನ್ನು ಶ್ರೋತೃಗಳು ಒಂದು ಕ್ಷಣ ಆಲೋಚಿಸಬೇಕು. ದೇಹಸಂಬಂಧಕ್ಕೆ ತಾನಾಗಿ ಕೊನೆಯೆಂಬುದಿಲ್ಲ. ಕೊನೆಯನ್ನು ಗೊತ್ತುಮಾಡುವುದು ವಚನ. ಪ್ರಕೃತಿ ಹರಿದು ಹೋಗುವ ಹೊಳೆ, ಗೆರೆ ಎಳೆಯುವುದು ಮಾತು. ಈ ನಿಷೇಧದ ಪ್ರತಿಪಾದಕನ ಬಾಯಲ್ಲಿಯೇ ಇಂಥ ಒಪ್ಪಿಗೆ ದೊರೆಯುವುದು ನಮಗೆ ಬಹು ಬೆಲೆಯುಳ್ಳದ್ದಾಗಿ ತೋರುತ್ತದೆ.

ಬಂಗಾಳದಲ್ಲಿ ಕಥೆ ಬೇರೆಯಾಯಿತು. ದಾಯಭಾಗವನ್ನು ಬರೆದ ಜೀಮೂತವಾಹನನು ಉತ್ತರಾಧಿಕಾರದ ವಿಷಯದಲ್ಲಿ ಅನ್ನದ ಪಿಂಡವನ್ನೇ ಹಿಡಿದನು. ಸತ್ತವನಿಗೆ ಪಿಂಡದಿಂದ ಯಾರು ಹೆಚ್ಚು ಉಪಕಾರ ಮಾಡಬಲ್ಲರೋ ಅವರಿಗೆ ಅವನ ಸ್ವತ್ತು ಎಂಬುದು ಆ ಪಕ್ಷ. ವಿಜ್ಞಾನೇಶ್ವರನಿಗಾದರೋ ದೇಹದ ಸಾಮೀಪ್ಯವೇ ಪ್ರಮಾಣ. ಮಕ್ಕಳೂ ಹೆಂಡತಿಯೂ ಇಲ್ಲದೆ ಸತ್ತವನ ಆಸ್ತಿ ತಂದೆತಾಯಿಗಳಲ್ಲಿ ಯಾರಿಗೆ ಮೊದಲು ಎಂಬ ಪ್ರಶ್ನೆ ಬಂದಾಗ ಅವನು ತಾಯಿಗೆ ಎಂದನು. ಏಕೆಂದರೆ ತಂದೆಯು ಬೇರೆ ಹೆಂಡತಿಯರ ಮಕ್ಕಳಿಗೂ ತಂದೆಯಾಗಿರಬಹುದು, ತಾಯಿಯು ತನ್ನ ಮಕ್ಕಳಿಗೆ ಮಾತ್ರ ತಾಯಿ. ಒಂದೇ ಪದ, ಎರಡು ಅರ್ಥ. ಅದರಿಂದ ಎರಡು ನ್ಯಾಯಪದ್ಧತಿಗಳು. ಬಂಗಾಳವನ್ನು ಬಿಟ್ಟು ದೇಶದ ಬಹುಭಾಗ ಕಲ್ಯಾಣದ ಮಾತನ್ನು ಹಿಡಿಯಿತು.

ಇಂಗ್ಲಿಷರು ಬಂದಮೇಲೆ ಇದು ಮತ್ತೆ ಗೊಂದಲಕ್ಕೆ ಸಿಕ್ಕಿತು. ಕೋಲ್‌ಬ್ರೂಕನು ೧೮೧೦ರಲ್ಲಿ ಕಲ್ಕತ್ತೆಯಲ್ಲಿ ದಾಯಭಾಗವನ್ನೂ ಮಿತಾಕ್ಷರೆಯ ದಾಯವಿಭಾಗ ಪ್ರಕರಣವನ್ನೂ ಇಂಗ್ಲಿಷಿಗೆ ತಂದು ಒಟ್ಟಿಗೆ ಪ್ರಕಟಿಸಿದನು. ಆದರೆ ಸಪಿಂಡಪದದ ವಿವರಣೆ ಇರುವುದು ದಾಯವಿಭಾಗದಲ್ಲಲ್ಲ, ವಿವಾಹಪ್ರಕರಣದಲ್ಲಿ. ಹೀಗಾಗಿ ಆ ಅನುವಾದವನ್ನು ಓದುವವರ ಮುಂದೆ ಮಾತು ಇತ್ತು, ಅರ್ಥ ಇನ್ನೊಂದು ಅಧ್ಯಾಯದಲ್ಲಿ ಉಳಿದಿತ್ತು. ೧೮೮೦ರಲ್ಲಿ ಮುಂಬಯಿ ಪ್ರಾಂತದ ಒಂದು ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಬಂದಿತು. ಮೃತನ ದಾಯಾದಿಯೊಬ್ಬನ ವಿಧವೆಗೆ ಮೃತನ ಆಸ್ತಿಯಲ್ಲಿ ಹಕ್ಕುಂಟೇ ಎಂಬುದು ಪ್ರಶ್ನೆ. ಮಿತಾಕ್ಷರೆಯಲ್ಲಿ ಸಾಪಿಂಡ್ಯವೆಂದರೆ ಪಿಂಡಪ್ರದಾನದ ಸಂಬಂಧವಲ್ಲ, ಒಂದೇ ದೇಹದ ಅಂಶಗಳ ಸಂಬಂಧ ಎಂದು ಆ ನ್ಯಾಯಾಧೀಶರು ಒಪ್ಪಿದರು. ವಿಧವೆಯ ಹಕ್ಕು ನಿಂತಿತು. ಹೆಂಡತಿಯೂ ಸಪಿಂಡೆಯೆಂದು ಎಂಟುನೂರು ವರ್ಷಗಳ ಹಿಂದೆ ಒಬ್ಬ ಸಂನ್ಯಾಸಿಯು ಬರೆದಿಟ್ಟ ವಾಕ್ಯವು ಸಮುದ್ರದಾಚೆ ಒಬ್ಬ ಹೆಂಗಸಿಗೆ ಆಸರೆಯಾಯಿತು. ಪದಗಳ ಅರ್ಥವಿಚಾರ ಪಂಡಿತರ ಕಾಲಹರಣವೆಂದು ತಿಳಿಯುವವರು ಈ ಸಂಗತಿಯನ್ನು ನೆನೆಯಬೇಕು.

ಇಷ್ಟು ಹೇಳಿದಮೇಲೆ ಶ್ರೋತೃಗಳಲ್ಲಿ ಅನೇಕರಿಗೆ ಒಂದು ಸಂದೇಹ ಹುಟ್ಟಿರಬೇಕು. ತಾಯಿಯ ಕಡೆ ಐದು ತಲೆಮಾರು ಸಾಪಿಂಡ್ಯವಿದ್ದರೆ, ಸೋದರಮಾವನ ಮಗಳು ಸಪಿಂಡೆಯೇ ಸರಿ. ಆದರೆ ನಮ್ಮಲ್ಲಿ ಸೋದರಮಾವನ ಮಗಳನ್ನು ತರುವುದು ದೋಷವಲ್ಲವೆಂಬುದಷ್ಟೇ ಅಲ್ಲ, ಹಕ್ಕೆಂದೇ ನಡೆದುಬಂದಿದೆಯಲ್ಲ! ದೇಹಸಂಬಂಧದ ಸಿದ್ಧಾಂತವನ್ನು ಲೋಕಕ್ಕೆ ಕೊಟ್ಟ ನಾಡಿನಲ್ಲಿಯೇ ಅದು ಮುರಿದುಬಿದ್ದುದು ಹೇಗೆ?

ಮುರಿದುಬಿದ್ದುದಲ್ಲ, ನಮ್ಮ ಆಚಾರ ಅದಕ್ಕಿಂತ ಹಳೆಯದು. ಬೌಧಾಯನ ಧರ್ಮಸೂತ್ರದ ಆರಂಭದಲ್ಲಿಯೇ ದಕ್ಷಿಣದವರಿಗೂ ಉತ್ತರದವರಿಗೂ ಐದೈದು ಆಚಾರಗಳಲ್ಲಿ ಭೇದವುಂಟೆಂದು ಹೇಳಿದೆ. ಉಪನಯನವಾಗದವನೊಡನೆ ಉಣ್ಣುವುದು, ಹೆಂಡತಿಯೊಡನೆ ಉಣ್ಣುವುದು, ತಂಗಳುಣ್ಣುವುದು, ಸೋದರಮಾವನ ಮಗಳನ್ನು ಮದುವೆಯಾಗುವುದು, ಸೋದರತ್ತೆಯ ಮಗಳನ್ನು ಮದುವೆಯಾಗುವುದು ಇವು ದಕ್ಷಿಣದ ಐದು. ಉತ್ತರದ ಐದರಲ್ಲಿ ಉಣ್ಣೆಯ ಮಾರಾಟ, ಮದ್ಯಪಾನ, ಸಮುದ್ರಯಾನಗಳು ಸೇರಿವೆ. ಒಂದು ಕಡೆಯ ಆಚಾರವನ್ನು ಇನ್ನೊಂದು ಕಡೆ ನಡೆಸಿದರೆ ದೋಷವೆಂದು ಅಲ್ಲಿ ಹೇಳಿರುವುದು. ಮೀಮಾಂಸಕನಾದ ಕುಮಾರಿಲಭಟ್ಟನು ದಾಕ್ಷಿಣಾತ್ಯರ ಈ ಪದ್ಧತಿಯನ್ನು ಒಪ್ಪಲಿಲ್ಲ. ಅರ್ಜುನನು ಸುಭದ್ರೆಯನ್ನು ವರಿಸಿದನಲ್ಲವೆ, ಆಕೆ ಕುಂತಿಯ ಸೋದರನಾದ ವಸುದೇವನ ಮಗಳಲ್ಲವೆ ಎಂಬ ಪ್ರಶ್ನೆಯನ್ನು ಅವನೂ ಎದುರಿಸಬೇಕಾಯಿತು.

ಶಾಸನಗಳ ಸಾಕ್ಷ್ಯವೂ ಇದೆ. ಮಾನ್ಯಖೇಟದ ರಾಷ್ಟ್ರಕೂಟರಲ್ಲಿ ಎರಡನೆಯ ಕೃಷ್ಣನು ಕಳಚುರಿ ದೊರೆ ಕೊಕ್ಕಲ್ಲನ ಮಗಳನ್ನು ವರಿಸಿದನು. ಅವನ ಮಗ ಜಗತ್ತುಂಗನು ಕೊಕ್ಕಲ್ಲನ ಮಗನ ಮಗಳನ್ನು ತಂದನು. ಜಗತ್ತುಂಗನ ಮಗ ಮೂರನೆಯ ಇಂದ್ರನಿಗೂ ಅದೇ ವಂಶದಿಂದಲೇ ಹೆಣ್ಣು ಬಂದಿತು. ಮೂರು ತಲೆಮಾರು ಒಂದೇ ಮನೆಯ ಬಾಗಿಲಿಗೆ ಹೋದ ದಿಬ್ಬಣಗಳು ಇವು. ವಿಜ್ಞಾನೇಶ್ವರನು ಹುಟ್ಟುವುದಕ್ಕೆ ಮೊದಲಿನ ಮಾತು.

ಎಲ್ಲಕ್ಕಿಂತ ಬಲವಾದ ಸಾಕ್ಷಿ ನಮ್ಮ ಮನೆಮಾತಿನಲ್ಲಿದೆ. ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ತಾಯಿಯ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಇವರೆಲ್ಲ ಅಪ್ಪಂದಿರು, ಅಮ್ಮಂದಿರು. ಆದಕಾರಣ ಇವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ತಾಯಿಯ ಅಣ್ಣತಮ್ಮಂದಿರಾದರೋ ಮಾವಂದಿರು. ಹೆಂಡತಿಯ ತಂದೆಗೂ ಅದೇ ಹೆಸರು. ತಂದೆಯ ಅಕ್ಕತಂಗಿಯರು ಅತ್ತೆಯರು. ಗಂಡನ ತಾಯಿಗೂ ಅದೇ ಹೆಸರು. ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಸೋದರನ ಮಗಳೂ ಹೆಂಗಸಿಗೆ ಸೊಸೆ, ಮಗನ ಹೆಂಡತಿಯೂ ಸೊಸೆ. ಹೆಸರಿಡುವಾಗಲೇ ಭಾಷೆ ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ ಎಂದು ಹೇಳಿಬಿಟ್ಟಿದೆ. ಅಮೆರಿಕದ ಮಾರ್ಗನ್ ಎಂಬ ವಿದ್ವಾಂಸನು ೧೮೭೧ರಲ್ಲಿ ಪ್ರಕಟಿಸಿದ ಬಂಧುನಾಮಗಳ ಮಹಾಗ್ರಂಥದಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡದ ಪಟ್ಟಿಯನ್ನೂ ಸೇರಿಸಿದುದು ಈ ವ್ಯವಸ್ಥೆಗೆ ಬೆರಗಾಗಿಯೇ.

ಇದಕ್ಕೆ ನಮ್ಮ ಜನ ಇಟ್ಟಿರುವ ಹೆಸರು ವಾವೆವರಸೆ. ವರಸೆಯಾದ ಹೆಣ್ಣು, ವರಸೆ ತಪ್ಪಿದ ಹೆಣ್ಣು ಎಂಬ ಮಾತುಗಳನ್ನು ಹಳ್ಳಿಯ ಮುದುಕಿಯ ಬಾಯಲ್ಲಿ ಕೇಳಬಹುದು. ಸಾಪಿಂಡ್ಯವು ದೂರವನ್ನು ಅಳೆಯುತ್ತದೆ. ವರಸೆಯು ದಿಕ್ಕನ್ನು ನೋಡುತ್ತದೆ. ಸೋದರಮಾವನ ಮಗಳೂ ಚಿಕ್ಕಮ್ಮನ ಮಗಳೂ ದೇಹದ ದೂರದಲ್ಲಿ ಸಮಾನರು. ಆದರೂ ಒಬ್ಬಳನ್ನು ತರಲು ಓಲಗ ಊದಿಸುತ್ತೇವೆ, ಇನ್ನೊಬ್ಬಳ ವಿಷಯದಲ್ಲಿ ಆ ಯೋಚನೆಯೇ ಪಾಪವೆನ್ನುತ್ತೇವೆ. ಒಕ್ಕಲುಗಳಲ್ಲಿ ಬೆಡಗು, ಬಳಿಗಳೂ ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ತಾಯಿಯಿಂದ ಬರುವ ಬರಿಯೂ ಮಾಡುವ ಕೆಲಸವೂ ಇದೇ. ಒಂದೇ ಬಳಿಯವರು ಒಡಹುಟ್ಟಿದವರು. ಬಳಿ ಬೇರೆಯಾದರೆ ಹತ್ತಿರದವರಾದರೂ ಅಡ್ಡಿಯಿಲ್ಲ.

ಶಾಸ್ತ್ರಕ್ಕೂ ಆಚಾರಕ್ಕೂ ಸಂಧಾನ ಮಾಡಿದವರು ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರು. ವಿಜಯನಗರದ ಮೊದಲ ಅರಸರ ಕಾಲದಲ್ಲಿ ಅವರು ಪರಾಶರಸ್ಮೃತಿಗೆ ಬರೆದ ವ್ಯಾಖ್ಯಾನದಲ್ಲಿ ಸೋದರಮಾವನ ಮಗಳ ವಿವಾಹವನ್ನು ದೀರ್ಘವಾಗಿ ಸಮರ್ಥಿಸಿರುವರು. ಬ್ರಾಹ್ಮಾದಿ ವಿಧಿಗಳಿಂದ ಕನ್ಯಾದಾನವಾದ ಹೆಣ್ಣು ತಂದೆಯ ಗೋತ್ರವನ್ನೂ ಸಾಪಿಂಡ್ಯವನ್ನೂ ಬಿಟ್ಟು ಗಂಡನ ಗೋತ್ರಕ್ಕೂ ಸಾಪಿಂಡ್ಯಕ್ಕೂ ಸೇರುತ್ತಾಳೆ. ಆದಕಾರಣ ಆಕೆಯ ಮಗನಿಗೂ ಆಕೆಯ ಅಣ್ಣನ ಮಗಳಿಗೂ ಸಾಪಿಂಡ್ಯವಿಲ್ಲ ಎಂಬುದು ಅವರ ಯುಕ್ತಿಗಳಲ್ಲಿ ಮುಖ್ಯವಾದದ್ದು. ತಾಯಿಯ ರಕ್ತಮಾಂಸಗಳು ಎಲ್ಲಿಗೂ ಹೋಗುವುದಿಲ್ಲವೆಂಬುದು ಅಷ್ಟು ದೊಡ್ಡ ಪಂಡಿತರಿಗೆ ತಿಳಿಯದ ವಿಷಯವಲ್ಲ. ಆದರೂ ಮಾತಿನ ಅರ್ಥವನ್ನು ದೇಹದಿಂದ ಮತ್ತೆ ಸಂಸ್ಕಾರದ ಕಡೆಗೆ ತಿರುಗಿಸಿ ಅವರು ನಾಡಿನ ನಡವಳಿಕೆಯನ್ನು ಉಳಿಸಿಕೊಂಡರು.

ಇತ್ತೀಚಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸ್ತ್ರೀಯರ ಹಕ್ಕುಗಳಿಗಾಗಿ ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಒಂದು ಕಾಯಿದೆಯನ್ನು ಮಾಡಿತು. ಬ್ರಿಟಿಷ್ ಇಂಡಿಯದಲ್ಲಿ ೧೯೪೬ರ ಕಾಯಿದೆ ಸಗೋತ್ರ, ಸಪ್ರವರ ವಿವಾಹಗಳಿಗಿದ್ದ ಅಡ್ಡಿಯನ್ನು ತೆಗೆಯಿತು. ೧೯೫೫ರ ಹಿಂದೂ ವಿವಾಹ ಕಾಯಿದೆ ಗೋತ್ರವನ್ನು ಬಿಟ್ಟರೂ ಸಪಿಂಡವೆಂಬ ಮಾತನ್ನು ಬಿಡಲಿಲ್ಲ. ಏಳನ್ನು ಐದಕ್ಕೂ ಐದನ್ನು ಮೂರಕ್ಕೂ ಇಳಿಸಿ, ಉಭಯರಿಗೂ ಸಲ್ಲುವ ಆಚಾರವು ಒಪ್ಪಿದ್ದರೆ ಅಂಥ ವಿವಾಹಕ್ಕೆ ಅಡ್ಡಿಯಿಲ್ಲವೆಂದಿತು. ಬೌಧಾಯನನು ಕಂಡ ಭೇದ ಅಲ್ಲಿಯೂ ಉಳಿಯಿತು.

ವಿಜ್ಞಾನೇಶ್ವರನ ‘ಅವಯವ’ವು ಇಂದಿನ ವಿಜ್ಞಾನವು ಹೇಳುವ ವಂಶವಾಹಿಯೇ ಎಂದು ಹೆಮ್ಮೆಪಡುವವರುಂಟು. ಹಾಗೆ ಹೇಳುವುದು ಅವನಿಗೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅವನದು ಶ್ರುತಿವಾಕ್ಯದಿಂದಲೂ ತರ್ಕದಿಂದಲೂ ಕಟ್ಟಿದ ಸಿದ್ಧಾಂತ. ಆದರೆ ವೈದ್ಯರು ಇಂದು ಹೇಳುವ ಒಂದು ಮಾತನ್ನು ಆಚಾರದ ಅಭಿಮಾನದಿಂದ ತಳ್ಳಿಹಾಕಕೂಡದು. ಸೋದರಮಾವನ ಮಕ್ಕಳು, ಚಿಕ್ಕಮ್ಮನ ಮಕ್ಕಳು ಇಬ್ಬರಲ್ಲಿಯೂ ನಮ್ಮೊಡನೆ ಸಮಾನವಾದ ಅಂಶ ಸರಾಸರಿಯಲ್ಲಿ ಎಂಟರಲ್ಲೊಂದು. ಅಕ್ಕನ ಮಗಳಲ್ಲಿ ನಾಲ್ಕರಲ್ಲೊಂದು. ಮರೆಯಾಗಿ ಹರಿದುಬರುವ ಕೆಲವು ರೋಗಗಳು ಇಂಥ ಮದುವೆಗಳ ಮಕ್ಕಳಲ್ಲಿ ಹೊರಬೀಳುವ ಸಂಭವ ಹೆಚ್ಚು. ವರಸೆಯ ಲೆಕ್ಕ ಇದನ್ನು ನೋಡುವುದಿಲ್ಲ. ಏಕೆಂದರೆ ಅದು ಹುಟ್ಟಿದುದು ಮನೆಗಳನ್ನು ಬೆಸೆಯುವುದಕ್ಕೆ, ಮಗುವಿನ ಆರೋಗ್ಯವನ್ನು ಅಳೆಯುವುದಕ್ಕಲ್ಲ.

ಒಟ್ಟಿನಲ್ಲಿ ನಾವು ಕಂಡುದೇನು? ಒಂದು ಮಾತು ಅನ್ನದ ಉಂಡೆಯಾಗಿ ಹುಟ್ಟಿತು, ಕಲ್ಯಾಣದಲ್ಲಿ ದೇಹವಾಯಿತು, ಬಂಗಾಳದಲ್ಲಿ ಅನ್ನವಾಗಿಯೇ ಉಳಿಯಿತು, ವಿಜಯನಗರದಲ್ಲಿ ಸಂಸ್ಕಾರಕ್ಕೆ ತಲೆಬಾಗಿತು, ಲಂಡನ್ನಿನಲ್ಲಿ ಮತ್ತೆ ದೇಹವಾಯಿತು, ೧೯೫೫ರಲ್ಲಿ ಒಂದು ಎಣಿಕೆಯಾಗಿ ನಿಂತಿತು. ಒಡಹುಟ್ಟಿದವರ ಸಂಬಂಧ ಪವಿತ್ರವೆಂಬ ಭಾವನೆ ಈ ಪಕ್ಷಗಳಿಗೆಲ್ಲ ಸಮಾನ; ಒಡಹುಟ್ಟಿದವರೆಂದರೆ ಯಾರು ಎಂಬುದರಲ್ಲಿ ಮಾತ್ರ ಪ್ರತಿಯೊಂದು ನಾಡೂ ಪ್ರತಿಯೊಂದು ಕಾಲವೂ ತನ್ನ ಗೆರೆಯನ್ನು ತಾನು ಎಳೆದಿದೆ. ಹಾಗಾದರೆ ಗೆರೆಯೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಗೆರೆಯಿಲ್ಲದ ಮನೆಯಲ್ಲಿ ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಆದರೆ ಎಣಿಕೆ ತಪ್ಪಿತೆಂದೋ ಗೋತ್ರ ಒಂದಾಯಿತೆಂದೋ ಇಬ್ಬರು ತರುಣರನ್ನು ಹೊಸಲಿನಿಂದಾಚೆಗೆ ನಿಲ್ಲಿಸುವ ಮುನ್ನ, ಇದು ಅನಾದಿಯಿಂದ ಬಂದ ಪ್ರಕೃತಿನಿಯಮವೆಂದು ಹಿರಿಯರು ಹೇಳದಿರಲಿ. ಅನಾದಿಯಾದದ್ದು ಸಂಸಾರ, ಗೆರೆ ಮಾತಿನಿಂದ ಆದದ್ದು. ಇದು ನಮ್ಮ ಮಾತಲ್ಲ, ಕಲ್ಯಾಣದ ಆ ಸಂನ್ಯಾಸಿಯ ವ್ಯಾಖ್ಯಾನದಿಂದಲೇ ನಾವು ಕಲಿತದ್ದು.